ಕೃಪಾಕರನ ದೀಕ್ಷಾಸ್ನಾನ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಕ್ರೈಸ್ತರ ಮನೆಯೊಂದರಲ್ಲಿ ಕೂಸು ಹುಟ್ಟಿತೆಂದರೆ, ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ದಯಾವತಿಗೆ ಸುದ್ದಿ ಮುಟ್ಟುತ್ತಿತ್ತು. ಕೂಸಿನ ಹಣೆಗೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವ ದಿನದ ಬಿಳಿ ಅಂಗಿ ಹೊಲಿಯುವವಳು ಅವಳೇ. ಪ್ರೊಟೆಸ್ಟಂಟರಾದ ಮಿಷನ್ ಸಭೆಯವರು ಅದನ್ನು ದೀಕ್ಷಾಸ್ನಾನದ ಅಂಗಿ ಎನ್ನುತ್ತಿದ್ದರು, ಕಥೋಲಿಕರು ಜ್ಞಾನಸ್ನಾನದ ಅಂಗಿ ಎನ್ನುತ್ತಿದ್ದರು. ಕಥೋಲಿಕರ ಅಂಗಿಗೆ ಒಂದು ಗೇಣು ಉದ್ದ ಹೆಚ್ಚು, ಜೊತೆಗೆ ಲೇಸು ಹಚ್ಚಿದ ಕುಲಾವಿ. ಅಷ್ಟೇ ವ್ಯತ್ಯಾಸ. ಉಳಿದ ದಿನಗಳಲ್ಲಿ ಓಣಿಯ ಹೆಂಗಸರ ಜಂಪರು, ಫಾಲು, ಸಾಲಿ ಮಕ್ಕಳ ಯೂನಿಫಾರ್ಮು. ಹೊಲಿಗೆಯ ಮಷಿನ್ನು ಪಡಸಾಲೆಯ ಕಿಟಕಿಯ ಪಕ್ಕದಲ್ಲೇ ಇತ್ತು. ದಾರಿಯಲ್ಲಿ ಹೋಗುವವರೆಲ್ಲ ಒಂದು ಮಾತು ಆಡಿಯೇ ಮುಂದೆ ಹೋಗುತ್ತಿದ್ದರು.

ಅವಳು ಹುಟ್ಟಿದ್ದು ಉಪ್ಪಿನಬೆಟಗೇರಿಯಲ್ಲಿ. ಅಪ್ಪ ಅಲ್ಲಿ ಮಿಷನ್ನಿನ ಉಪದೇಶಿಯಾಗಿದ್ದರು. ಸುತ್ತಿನ ಹಳ್ಳಿಗಳಲ್ಲಿ ಚೆದುರಿದ್ದ ಏಳೆಂಟು ಕ್ರೈಸ್ತ ಮನೆಗಳಿಗೆ ಸೈಕಲ್ಲಿನ ಮೇಲೆ ಹೋಗಿ ಪ್ರಾರ್ಥನೆ ಮಾಡಿಸಿ ಬರುವುದು ಅವರ ಕೆಲಸ. ದಯಾವತಿ ಏಳನೇ ಇಯತ್ತೆ ಮುಗಿಸಿದ ಮೇಲೆ ಧಾರವಾಡದಲ್ಲಿ ಹೊಲಿಗೆ ಕಲಿತಳು. ಇಪ್ಪತ್ತೆರಡಕ್ಕೆ ಸೀಲಾಸನ ಕೈ ಹಿಡಿದು ಹುಬ್ಬಳ್ಳಿಗೆ ಬಂದಳು. ಸೀಲಾಸ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಹೆಂಡತಿಗೆ ಕೆಮ್ಮು ಬಂದರೆ ತಾನೇ ಶುಂಠಿ ಜಜ್ಜಿ ಕಷಾಯ ಮಾಡಿಕೊಡುವ ಗಂಡಸು ಆ ಓಣಿಯಲ್ಲಿ ಮತ್ತೊಬ್ಬನಿರಲಿಲ್ಲ.

ಮದುವೆಯಾದ ಎರಡನೇ ವರ್ಷ, ಏಳು ತಿಂಗಳಿಗೇ ಹೆರಿಗೆಯಾಯಿತು. ಗಂಡು ಕೂಸು. ದಯಾವತಿಗೆ ರಕ್ತ ನಿಲ್ಲಲಿಲ್ಲ. ಆಪರೇಷನ್ ಮಾಡಿ, ಮಂಪರಿನ ಔಷಧಿ ಕೊಟ್ಟು ಮಲಗಿಸಿದರು. ಅವಳಿಗೆ ಎಚ್ಚರವಾದದ್ದು ಮೂರನೇ ದಿನ ಮಧ್ಯಾಹ್ನ. ಅಷ್ಟರಲ್ಲಿ ಕೂಸು ಹೋಗಿತ್ತು, ಮಣ್ಣೂ ಆಗಿತ್ತು. ಇನ್ನು ಮುಂದೆ ಮಕ್ಕಳಾಗುವುದಿಲ್ಲವೆಂದು ಡಾಕ್ಟರು ಹೇಳಿದ್ದೂ ಅಂದೇ.

ಆ ದಿನ ಸೀಲಾಸ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಅವಳ ಕೈ ಹಿಡಿದುಕೊಂಡು ಹೇಳಿದ್ದ: "ಬೆಳಗಿನ್ಯಾಗ ಕೂಸಿನ ಉಸಿರು ಸಣ್ಣ ಆಗಾಕತ್ತಿತ್ತು ದಯಾ. ಅಯ್ಯನವರನ್ನ ಕರಕೊಂಡ ಬರೂವಷ್ಟು ಹೊತ್ತಿರಲಿಲ್ಲ. ಅಪೊಲಿನ್ ನರ್ಸಬಾಯಿ ಕಾಲು ಹಿಡದು ಕೇಳಿದೆ. ಅವರು ವಾಟಿಯೊಳಗ ನೀರು ತಂದು, ಹೆಸರೇನು ಅಂದ್ರು. ಕೃಪಾಕರ ಅಂದೆ. ಮೂರು ಸಲ ಹಣಿಮ್ಯಾಲ ನೀರು ಬಿಟ್ಟು ದೀಕ್ಷಾಸ್ನಾನ ಕೊಟ್ಟರು. ನೀರು ಬಿದ್ದಕೂಡಲೇ ಕೂಸು ಕಣ್ಣು ತೆರೀತು. ನನ್ನ ನೋಡಿತು. ಆಮ್ಯಾಲ ಹೋತು."

ಈ ಮಾತಿನ ಮೇಲೆ ದಯಾವತಿ ಮೂವತ್ತನಾಲ್ಕು ವರ್ಷ ಬದುಕಿದಳು ಎಂದರೆ ಹೆಚ್ಚು ಹೇಳಿದಂತಲ್ಲ. ಅವಳು ಮಗನ ಮುಖವನ್ನು ಜೀವಂತ ನೋಡಲಿಲ್ಲ. ಆದರೆ ಅವನಿಗೊಂದು ಹೆಸರಿತ್ತು, ಸಭೆಯ ದಫ್ತರದಲ್ಲಿ ಅವನದೊಂದು ಸಾಲಿತ್ತು: ಕೃಪಾಕರ, ತುರ್ತು ದೀಕ್ಷಾಸ್ನಾನ, ಆಸ್ಪತ್ರೆಯ ನರ್ಸ್ ಅವರಿಂದ. ಅಪೊಲಿನ್ ಕಥೋಲಿಕಳಾದರೇನು, ಪ್ರಾಣಕ್ಕೆ ಬಂದಾಗ ಯಾರು ಕೊಟ್ಟರೂ ನಡೆಯುತ್ತದೆಂದು ಅಂದಿನ ಪಾದ್ರಿ ಅಯ್ಯನವರು ತಾವೇ ಬರೆದುಕೊಂಡಿದ್ದರು. ಮಸಣದ ಮಕ್ಕಳ ಮೂಲೆಯಲ್ಲಿ ಅವನಿಗೆ ಶಿಲುಬೆಯಿತ್ತು. ಮೊದಮೊದಲು ದಯಾವತಿ ದಿನವೂ ಕೇಳುತ್ತಿದ್ದಳು, "ಯಾವ ಕಡೆ ನೋಡಿತ್ರೀ? ನಿಮ್ಮ ಕಡೀನ?" ಸೀಲಾಸ ದಿನವೂ "ಹೂಂ, ನನ್ನ ಕಡೀನ" ಎನ್ನುತ್ತಿದ್ದ.

ಮೂವತ್ತು ತುಂಬಿದ ವರ್ಷ ಅವಳು ಸಂಡೇ ಸ್ಕೂಲಿನ ಟೀಚರಾದಳು. ಇಪ್ಪತ್ತೆಂಟು ವರ್ಷ ಕಲಿಸಿದಳು. ಮಕ್ಕಳಿಗೆ ಅವಳು ಹೇಳುವ ಸೆರೆಮನೆಯ ಕಥೆಯೆಂದರೆ ಪ್ರಾಣ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಕಥೆ ಅದು: ಪೌಲ ಮತ್ತು ಸೀಲರನ್ನು ಹೊಡೆದು ಸೆರೆಯಲ್ಲಿ ಹಾಕುತ್ತಾರೆ, ಭೂಕಂಪವಾಗಿ ಬಾಗಿಲು ತೆರೆಯುತ್ತವೆ, ಕೈದಿಗಳು ಓಡಿಹೋಗುವುದಿಲ್ಲ, ಬೆರಗಾದ ಸೆರೆಯ ಯಜಮಾನ ಅವರನ್ನು ಮನೆಗೆ ಕರೆದೊಯ್ದು ಗಾಯ ತೊಳೆಯುತ್ತಾನೆ, ಅವನೂ ಅವನ ಮನೆಮಂದಿಯೂ ದೀಕ್ಷಾಸ್ನಾನ ಪಡೆಯುತ್ತಾರೆ. "ಟೀಚರ್ ಗಂಡ ಜೇಲಿನ್ಯಾಗಿದ್ದ!" ಎಂದು ಮಕ್ಕಳು ಕೇಕೆ ಹಾಕುತ್ತಿದ್ದರು; ಸೀಲ, ಸೀಲಾಸ ಎರಡೂ ಒಂದೇ ಹೆಸರು. ಅವಳೂ ನಗುತ್ತಿದ್ದಳು. ಕೊನೆಗೆ ದನಿ ತಗ್ಗಿಸಿ, "ಆ ಮನ್ಯಾಗ ಒಂದು ತೊಟ್ಟಿಲಿತ್ತು. ತೊಟ್ಟಿಲಿನ್ಯಾಗ ಒಂದು ಕೂಸಿತ್ತು. ಪೌಲ ಅದನ್ನೂ ಎತ್ತಿಕೊಂಡು ಅದರ ಹಣಿಮ್ಯಾಲೂ ನೀರು ಹಾಕಿದ. ಯಾರನ್ನೂ ಬಿಡಲಿಲ್ಲ" ಎಂದು ಮುಗಿಸುತ್ತಿದ್ದಳು.

ಸೀಲಾಸ ರಿಟೈರಾದ ಮೇಲೆ ಹಳೆಯ ಜೊತೆಗಾರನೊಬ್ಬನ ಸಂಗಡ ಶುಕ್ರವಾರದ ಪ್ರಾರ್ಥನೆಗೆಂದು ತಾರಿಹಾಳದ ಕಡೆ ಹೋಗತೊಡಗಿದ. ಅಲ್ಲಿ ಮುಚ್ಚಿದ ವರ್ಕ್‌ಶಾಪೊಂದರ ಶೆಡ್ಡಿನಲ್ಲಿ ಹೊಸ ಸಭೆ ನಡೆಯುತ್ತಿತ್ತು; ಹೆಸರು ಜೀವಜಲ ಪ್ರಾರ್ಥನಾ ಮಂದಿರ. ಅದನ್ನು ನಡೆಸುವವನು ಆಶಿಷ್. ದಯಾವತಿಯ ಕ್ಲಾಸಿನಲ್ಲೇ ಬೈಬಲಿನ ವಚನ ಕಲಿತವನು, ಅವಳು ಹೊಲಿದ ಅಂಗಿಯಲ್ಲೇ ದೀಕ್ಷಾಸ್ನಾನ ಪಡೆದವನು. ಹೊಲಿಗೆ ಹಾಕುತ್ತ ಕೂತಿದ್ದ ಅವಳಿಗೆ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಪ್ರಾರ್ಥನೆಗೆ ಹೋಗುವವರನ್ನು ಯಾರಾದರೂ ತಡೆಯುತ್ತಾರೆಯೇ?

ಅದು ಕಳೆದ ಜೂನ್ ತಿಂಗಳು. ಎದುರು ಮನೆಯ ರಾಜೇಶ್ವರಿ ಜಂಪರು ಒಯ್ಯಲು ಬಂದಳು. ಅವಳ ಗಂಡನದು ಅರಳೆಯ ವ್ಯಾಪಾರ; ಲಿಂಗಾಯತರ ಮನೆಯ ಹೆಣ್ಣುಮಗಳು, ದಯಾವತಿಯೊಂದಿಗೆ ಇಪ್ಪತ್ತು ವರ್ಷದ ಸಲಿಗೆ. ಬಂದವಳೇ ಫೋನು ಮುಂದೆ ಹಿಡಿದಳು.

"ನೋಡ್ರಿ ದಯಕ್ಕ, ನಿಮ್ಮ ಮನಿಯವರು ಫೋನಿನ್ಯಾಗ ಬಂದಾರ! ನಮ್ಮ ನಾದಿನಿ ಕಳಿಸ್ಯಾಳ. ನೀವು ಹೇಳೇ ಇಲ್ಲಲ್ಲ!"

ತಗಡಿನ ಶೆಡ್ಡು. ಸಿಮೆಂಟಿನ ತೊಟ್ಟಿ. ಎದೆಮಟ್ಟದ ನೀರಿನಲ್ಲಿ ಬಿಳಿ ಅಂಗಿ ತೊಟ್ಟು ಸೀಲಾಸ ನಿಂತಿದ್ದ. ಪಕ್ಕದಲ್ಲಿ ಆಶಿಷ್ ಮೈಕು ಹಿಡಿದಿದ್ದ. ದಯಾವತಿಗೆ ಗಂಡನ ದನಿ ಗುರುತಿಸಲು ಒಂದು ಕ್ಷಣ ಹಿಡಿಯಿತು. ಅವನು ಯಾವತ್ತೂ ಅಷ್ಟು ಜೋರಾಗಿ ಮಾತಾಡಿದವನಲ್ಲ.

"ಅರವತ್ನಾಲ್ಕು ವರ್ಷ ನಾ ಕ್ರೈಸ್ತ ಅನ್ನೂ ಹೆಸರು ಹೊತ್ತು ತಿರುಗಿದೆ. ಕೂಸಿದ್ದಾಗ ನನಗ ನೀರು ಚಿಮುಕಿಸಿದ್ರು. ಅದು ದೀಕ್ಷಾಸ್ನಾನ ಅಲ್ಲ. ನಾನೂ ನನ್ನ ಕೂಸಿಗೆ ಹಂಗ ಮಾಡಿಸಿದೆ. ಆಸ್ಪತ್ರ್ಯಾಗ, ವಾಟಿಯೊಳಗಿನ ಮೂರು ಹನಿ ನೀರು. ಅದು ಬರೇ ನೀರಿತ್ತು. ಅದನ್ನ ನಂಬಿ ನಾನೂ ನನ್ನ ಹೆಂಡ್ತೀನೂ ಇಷ್ಟು ವರ್ಷ ಸುಳ್ಳಿನ್ಯಾಗ ಬದುಕಿದ್ವಿ. ಇವತ್ತು ನಾ ಖರೇ ದೀಕ್ಷಾಸ್ನಾನ ತಗೋತೇನಿ."

ಆಶಿಷ್ ಅವನ ಬೆನ್ನಿಗೆ ಕೈ ಕೊಟ್ಟು ನೀರಿನಲ್ಲಿ ಪೂರ್ತಿ ಮುಳುಗಿಸಿ ಎತ್ತಿದ. ಜನ ಚಪ್ಪಾಳೆ ತಟ್ಟಿದರು.

ರಾಜೇಶ್ವರಿಗೆ ಇದರ ತಲೆಬುಡ ತಿಳಿಯಲಿಲ್ಲ. "ಏನರ ಪೂಜಾ ಇತ್ತೇನ್ರಿ?" ಎಂದಳು. ದಯಾವತಿ, "ಹೂಂ" ಎಂದು ಜಂಪರಿನ ಕೊನೆಯ ಹುಕ್ಕು ಹಚ್ಚಿ, ದಾರ ಕಡಿದು, ಮಡಚಿ ಕೊಟ್ಟಳು. ರಾಜೇಶ್ವರಿ ಹೋದ ಮೇಲೆ ನೋಡಿದರೆ ಸೂಜಿ ಹೆಬ್ಬೆರಳಿಗೆ ಚುಚ್ಚಿ ಮಷಿನ್ನಿನ ಹಲಗೆಯ ಮೇಲೆ ರಕ್ತ ಬಿದ್ದಿತ್ತು.

ಸಂಜೆ ಸೀಲಾಸ ಸಂತೆಯಿಂದ ಮೆಂತ್ಯ ಸೊಪ್ಪು ತಂದ. ಅವಳು ಸೊಪ್ಪು ತೆಗೆದುಕೊಳ್ಳಲಿಲ್ಲ.

"ನೀವು ಮತ್ತ ದೀಕ್ಷಾಸ್ನಾನ ತಗೊಂಡ್ರ್ಯಂತ."

ಅವನು ಚಪ್ಪಲಿ ಬಿಡುತ್ತ ನಿಂತ. "ನಿನಗ ಹೇಳಾಂವ ಇದ್ದೆ ದಯಾ."

"ಓಣಿ ಮಂದಿಗೆಲ್ಲಾ ಹೇಳಿದ ಮ್ಯಾಲೇನ್ರಿ?"

"ಫೋನಿಗೆ ಹಾಕ್ತಾರಂತ ನನಗ ಗೊತ್ತಿರಲಿಲ್ಲ."

"ನೀವು ತಗೊಂಡದ್ದು ನಿಮ್ಮ ಪಾಡು. ನನ್ನ ಕೂಸಿಂದು ಬರೇ ನೀರು ಅಂತ ಯಾಕ ಅಂದ್ರಿ? ನರ್ಸಬಾಯಿ ಕಾಲು ಹಿಡದು ಬೇಡಿದವರು ನೀವs ಅಲ್ಲೇನ್ರಿ?"

ಸೀಲಾಸ ಸೊಪ್ಪಿನ ಚೀಲವನ್ನು ಅಡುಗೆಮನೆಯಲ್ಲಿಟ್ಟು ಹಿತ್ತಲಿಗೆ ಹೋದ. ಅಂದು ಅವಳಿಗೆ ಅವನಿಂದ ಅಷ್ಟೇ ಸಿಕ್ಕದ್ದು.

ಮರುದಿನ ಅವಳು ಮಿಷನ್ ಕಾಂಪೌಂಡಿಗೆ, ಅಯ್ಯನವರ ಮನೆಗೆ ಹೋದಳು. ಈಗಿನ ಅಯ್ಯನವರು ವಯಸ್ಸಿನಲ್ಲಿ ಅವಳಿಗಿಂತ ಕಿರಿಯರು, ಮೃದು ಮಾತಿನವರು. ವಿಡಿಯೋ ಅವರೂ ನೋಡಿದ್ದರು. ಚಹಾ ತರಿಸಿ ಸಮಾಧಾನವಾಗಿ ಹೇಳಿದರು: ದೇವರು ವಾಗ್ದಾನ ಮಾಡಿದ್ದು ದೊಡ್ಡವರಿಗಷ್ಟೇ ಅಲ್ಲ, ಅವರ ಮಕ್ಕಳಿಗೂ. ಹಿಂದೆ ಯೆಹೂದ್ಯರು ಎಂಟನೇ ದಿನದ ಕೂಸಿಗೆ ಒಡಂಬಡಿಕೆಯ ಗುರುತು ಮಾಡುತ್ತಿದ್ದರು, ಅದೇ ಜಾಗದಲ್ಲಿ ಈಗ ನೀರು ಬಂದಿದೆ. ಸೆರೆಯ ಯಜಮಾನನ ಮನೆಮಂದಿಯೆಲ್ಲ ಎಂದರೆ ಅದರಲ್ಲಿ ಕೂಸು ಬರುವುದಿಲ್ಲವೇ?

"ತೊಟ್ಟಿಲ ಕೂಸು ಬರದೈತೇನ್ರಿ ಅಲ್ಲೆ?" ಎಂದಳು ದಯಾವತಿ.

ಅಯ್ಯನವರು ನಕ್ಕರು. "ಬರದಿಲ್ಲ ಟೀಚರ್. ಇಲ್ಲ ಅಂತನೂ ಬರದಿಲ್ಲ. ನಮ್ಮ ಹಿರಿಯರು ಹಂಗ ಅರ್ಥ ಮಾಡಿಕೊಂಡು ಬಂದಾರ, ನಾವೂ ಹಂಗ ಹೊಂಟೇವಿ. ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನೀರು ಗುರುತು ಅಷ್ಟೇ. ನೀರು ಇಲ್ಲದಿದ್ದರೂ ಕೃಪಾಕರ ದೇವರ ಕೈಯಾಗs ಇರತಿದ್ದ."

ಒಳ್ಳೆಯ ಮಾತೇ. ಆದರೆ ಕಾಂಪೌಂಡಿನ ಗೇಟು ದಾಟುವಾಗ ಅದರ ಇನ್ನೊಂದು ಮಗ್ಗುಲು ಕಂಡಿತು. ನೀರು ಇದ್ದರೂ ಇಲ್ಲದಿದ್ದರೂ ಒಂದೇ ಎಂದಾದರೆ, ತಾನು ಇಷ್ಟು ವರ್ಷ ಎದೆಗವಚಿಕೊಂಡದ್ದು ಏನನ್ನು?

ಶನಿವಾರ ಓಣಿಯ ಇಕ್ಬಾಲನ ಆಟೋದಲ್ಲಿ ತಾರಿಹಾಳಕ್ಕೆ ಹೋದಳು. ಶೆಡ್ಡಿನ ಒಳಗೆ ಆಶಿಷ್ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ. ಅವಳನ್ನು ನೋಡಿ ಓಡಿಬಂದು ಕುರ್ಚಿ ಒರೆಸಿ ಕೂಡಿಸಿದ. ವಯಸ್ಸು ಮೂವತ್ತೈದಾದರೂ ಅವಳೆದುರಿಗೆ ಕೈಕಟ್ಟಿಕೊಂಡೇ ನಿಂತ. ಅವಳು ಸಿಟ್ಟನ್ನು ಕಟ್ಟಿಕೊಂಡು ಬಂದಿದ್ದಳು. ಅದನ್ನು ಎಲ್ಲಿಂದ ಬಿಚ್ಚಬೇಕೋ ತಿಳಿಯದೆ ಆ ಕಥೆಯಿಂದಲೇ ಹಿಡಿದಳು.

"ಸೆರೆಯ ಯಜಮಾನನ ಮನೆಮಂದಿ ಎಲ್ಲಾರೂ ತಗೊಂಡ್ರು ಅಂತ ನಿನಗ ಕಲಿಸಿದಾಕಿ ನಾನು. ನೀ ಯಾವ ಬಾಯಿಲೆ ಕೂಸುಗಳಿಗೆ ಇಲ್ಲ ಅಂತಿ?"

ಆಶಿಷ್ ಬೈಬಲನ್ನು ತೆರೆದು ಅವಳ ತೊಡೆಯ ಮೇಲಿಟ್ಟ. "ನೀವs ಓದ್ರಿ ಟೀಚರ್. ಮನೆಮಂದಿ ಎಲ್ಲಾರಿಗೂ ಮೊದಲ ವಾಕ್ಯ ಸಾರಿದ್ರು ಅಂತೈತಿ. ಎಲ್ಲಾರೂ ಸಂತೋಷ ಪಟ್ರು ಅಂತೈತಿ. ಕೇಳೂದು, ನಂಬೂದು, ಸಂತೋಷ ಪಡೂದು ಕೈಗೂಸಿಗೆ ಬರ್ತೈತೇನ್ರಿ? ಯೇಸು ಕೂಸುಗಳನ್ನ ಎತ್ತಿಕೊಂಡು ಆಶೀರ್ವಾದ ಮಾಡಿದ, ನೀರು ಹಾಕಲಿಲ್ಲ. ದೀಕ್ಷಾಸ್ನಾನ ಅಂದ್ರ ಹಳೆ ಮನುಷ್ಯಾನ್ನ ಹೂಳೂದು ಅಂತ ಪೌಲ ಅಂತಾನ. ಮೂರು ಹನಿಯಾಗ ಯಾರನ್ನ ಹೂಳಾಕ ಬರ್ತೈತ್ರಿ?"

ಅವಳು ಓದಿದಳು. ನೂರು ಸಲ ಓದಿದ ಪುಟ. ಆಶಿಷ್‌ನ ದನಿ ಸಣ್ಣಗಾಯಿತು.

"ತೊಟ್ಟಿಲು ಎಲ್ಲೈತ್ರಿ ಟೀಚರ್? ಹತ್ತೊಂಬತ್ತನೇ ವಯಸ್ಸಿನ್ಯಾಗ ನಾ ಹುಡುಕಿದೆ. ನೀವು ಹೇಳಿದ್ದು ಅಂದ ಮ್ಯಾಲ ಇದ್ದs ಇರಬೇಕು ಅಂತ ಮೂರು ಬೈಬಲ್ ತಿರುವಿ ಹಾಕಿದೆ. ಇರಲಿಲ್ಲ. ಅವತ್ತು ನಾ ಅತ್ತೇನ್ರಿ. ನೀವು ನಮಗ ಇಲ್ಲದ್ದು ಹೇಳಿದ್ರಿ."

ದಯಾವತಿ ಬೈಬಲನ್ನು ಮುಚ್ಚಿದಳು. ತೊಟ್ಟಿಲನ್ನು ಆ ಮನೆಯಲ್ಲಿ ತೂಗುಹಾಕಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಯಾವ ವರ್ಷದಿಂದ ಹಾಗೆ ಹೇಳತೊಡಗಿದೆನೆಂಬುದು ಮಾತ್ರ ಮರೆತುಹೋಗಿತ್ತು.

"ಆತಪಾ, ನಂದು ತಪ್ಪು. ನನ್ನ ಕೂಸಿನ ವಿಷಯ ಮೈಕಿನ್ಯಾಗ ಯಾಕ ಬೇಕಿತ್ತು?"

"ಅಂಕಲ್ ತಾವs ಹೇಳ್ತೇನಿ ಅಂದ್ರು. ಅವರಿಗೆ ಅದು ಭಾಳ ಭಾರ ಆಗಿತ್ರಿ. ನಾಕು ತಿಂಗಳು ಇಲ್ಲೇ ಕೂತು ಅತ್ತಾರ. ನಿಮ್ಮ ಮುಂದ ಎಲ್ಲಾ ಹೇಳ್ಯಾರಂತ ನಾ ತಿಳಕೊಂಡಿದ್ದೆ."

"ಎಲ್ಲಾ ಅಂದ್ರ?"

ಆಶಿಷ್ ಜೋಡಿಸಿದ ಕುರ್ಚಿಗಳನ್ನು ಮತ್ತೆ ಸರಿಪಡಿಸಿದ. "ಅದನ್ನ ಅಂಕಲ್‌ನs ಕೇಳ್ರಿ ಟೀಚರ್" ಎಂದ, ಅವಳ ಮುಖ ನೋಡದೆ.

ಅವಳು ಸೀಲಾಸನನ್ನು ಕೇಳಲಿಲ್ಲ. ಕೇಳಿದರೆ ಅವನು ಹಿತ್ತಲಿಗೆ ಹೋಗುತ್ತಾನೆಂದು ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದಳು. ಅಪೊಲಿನ್ ನರ್ಸಬಾಯಿ ಅಲ್ಲಿ ತಂಗಿಯ ಮನೆಯಲ್ಲಿದ್ದರು. ಎಂಬತ್ತೊಂದು ವರ್ಷ. ಕ್ರಿಸ್ಮಸ್ಸಿಗೆ ವರ್ಷಕ್ಕೊಮ್ಮೆ ದಯಾವತಿ ಅವರಿಗೊಂದು ಹೊಸ ಜಂಪರು ಹೊಲಿದು ಕಳಿಸುವುದು ತಪ್ಪಿರಲಿಲ್ಲ. ಮುದುಕಿ ಕೈಯಲ್ಲಿ ಜಪಸರ ಹಿಡಿದು ಕೂತಿದ್ದರು. ಕಣ್ಣು ಮಂಜಾಗಿದ್ದರೂ ಬುದ್ಧಿ ಚುರುಕಾಗಿತ್ತು.

"ಬಾಯಾರ, ನನ್ನ ಕೂಸಿಗೆ ನೀವು ನೀರು ಹಾಕಿದಾಗ ಏನಾತು? ಇದ್ದದ್ದು ಇದ್ದಂಗ ಹೇಳ್ರಿ."

ಅಪೊಲಿನ್ ಜಪಸರವನ್ನು ಮಡಿಲಲ್ಲಿಟ್ಟರು. "ಸೀಲಾಸ ಹೇಳಿಲ್ಲೇನು?"

"ನಿಮ್ಮ ಬಾಯಿಲೆ ಕೇಳಬೇಕು."

"ನಾನು ಡ್ಯೂಟಿ ಬದಲಿಗೆ ಬಂದಾಗ ಬೆಳಗಿನ ಏಳು. ಕೂಸು ಹೋಗಿ ಒಂದು ತಾಸಾಗಿತ್ತು. ತಣ್ಣಗಾಗಿತ್ತು ದಯಾ. ನಿನ್ನ ಗಂಡ ನನ್ನ ಕಾಲು ಬಿಡಲಿಲ್ಲ. ನೀರು ಹಾಕ್ರಿ, ಇಲ್ಲಂದ್ರ ಆಕಿ ಉಳಿಯಂಗಿಲ್ಲ ಅಂದ. ನೀರಿನಿಂದ, ಆತ್ಮದಿಂದ ಹುಟ್ಟದವರಿಗೆ ದೇವರ ರಾಜ್ಯ ಇಲ್ಲ ಅಂತ ಯೇಸು ನಿಕೊದೇಮನಿಗೆ ಹೇಳಿದ್ದನ್ನ ನಮ್ಮ ಸಭೆ ಹೇಳಿದಂಗs ತಗೋತೈತಿ. ಅದಕ್ಕs ನಮ್ಮಲ್ಲೆ ನರ್ಸುಗಳಿಗೂ ಇದನ್ನ ಕಲಿಸಿರ್ತಾರ. ಆದ್ರ ಸಂಸ್ಕಾರ ಜೀವ ಇದ್ದವರಿಗೆ. ಅನುಮಾನ ಇದ್ರ, ನಿನ್ನಲ್ಲಿ ಜೀವ ಇದ್ದರೆ ಅಂತ ಹೇಳಿ ನೀರು ಹಾಕಬೇಕು. ನಾ ಹಂಗ ಅಂದೇ ಹಾಕಿದೆ, ಸಣ್ಣ ದನಿಯಾಗ. ನನಗ ಅನುಮಾನ ಇರಲಿಲ್ಲ. ಆ ಪಾಪಾನ ನಾ ಮರುದಿನs ನಮ್ಮ ಗುರುಗಳ ಮುಂದ ಹೇಳಿಕೊಂಡೆ."

"ಕಣ್ಣು ತೆರದಿದ್ದಿಲ್ಲೇನ್ರಿ?"

"ಇಲ್ಲವ್ವ."

ಗುರುಗಳಿಗೆ ಗೊತ್ತಿತ್ತು. ನರ್ಸಿಗೆ ಗೊತ್ತಿತ್ತು. ಆಶಿಷ್‌ಗೆ ಗೊತ್ತಿತ್ತು. ಹೆತ್ತವಳೊಬ್ಬಳಿಗೆ ಗೊತ್ತಿರಲಿಲ್ಲ. ಅಪೊಲಿನ್ ಅವಳ ತಲೆಯ ಮೇಲೆ ಕೈಯಿಡಲು ಬಂದರು. ದಯಾವತಿ ಎದ್ದು ನಿಂತು, "ಬರ್ತೇನ್ರಿ" ಎಂದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತೇ ಹುಬ್ಬಳ್ಳಿಗೆ ಬಂದಳು.

ಸೀಲಾಸ ಅನ್ನಕ್ಕಿಟ್ಟು ಕಾಯುತ್ತಿದ್ದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಧಾರವಾಡಕ್ಕ ಹೋಗಿದ್ದೆ."

ಅವನಿಗೆ ಅಷ್ಟೇ ಸಾಕಾಯಿತು. ಗ್ಯಾಸ್ ಆರಿಸಿ, ನೆಲದ ಮೇಲೆ ಕೂತುಬಿಟ್ಟ.

"ಕಣ್ಣು ತೆರದು ನಿಮ್ಮ ಕಡೆ ನೋಡಿತು ಅಂದಿದ್ರಿ."

"ನೀ ಹಾಸಿಗ್ಯಾಗ ಹೆಣದಂಗ ಬಿದ್ದಿದ್ದಿ ದಯಾ. ಡಾಕ್ಟರು ನಿನ್ನ ಆಸೆ ಬಿಟ್ಟಿದ್ರು. ಏನರ ಒಂದು ಹೇಳಬೇಕಿತ್ತು. ಒಮ್ಮೆ ಹೇಳಿದೆ. ಆಮ್ಯಾಲ ನೀ ದಿನಾ ಕೇಳಿದಿ. ದಿನಾ ಹೇಳಬೇಕಾತು."

"ಮೂವತ್ನಾಲ್ಕು ವರ್ಷದಾಗ ಒಂದು ದಿನ ಸಿಗಲಿಲ್ಲೇನ್ರಿ ಖರೇ ಹೇಳಾಕ?"

"ಹೇಳಿದ್ರ ನೀ ಉಳೀತಿರಲಿಲ್ಲ ಅಂತ ಅಂಜಿಕಿ."

"ಮೊದಲನೇ ವರ್ಷ ಉಳೀತಿರಲಿಲ್ಲ, ಖರೇ. ಹತ್ತನೇ ವರ್ಷ ಉಳೀತಿದ್ದೆ. ಇಪ್ಪತ್ತನೇ ವರ್ಷ ನಿಮ್ಮನ್ನ ಹಿಡಕೊಂಡು ಅತ್ತು ಸುಮ್ಮನಾಗತಿದ್ದೆ. ನೀವು ಅದನ್ನ ತಾರಿಹಾಳಕ್ಕ ಒಯ್ದು ಆ ಹುಡುಗನ ಮುಂದ ಇಟ್ರಿ."

"ಅವಾ ಅಂದ, ನೀರಿನ್ಯಾಗ ಮುಳುಗಿದ್ರ ಎಲ್ಲಾ ತೊಳದು ಹೋಗತೈತಿ ಅಂತ." ಸೀಲಾಸ ಅಳುತ್ತಿದ್ದ. "ಆ ಸುಳ್ಳು ಭಾಳ ಸುಡತಿತ್ತು ದಯಾ. ನಾ ಸತ್ತ ಕೂಸಿಗೆ ದೀಕ್ಷಾಸ್ನಾನ ಕೊಡಿಸಿ ದೇವರಿಗೂ ಮೋಸ ಮಾಡಿದ್ದೆ."

"ನಿಮ್ದು ತೊಳದು ಹೋತು. ನಂದ್ರಿ?"

ಅವಳಿಗೆ ಅವನ ಮೇಲೆ ಕನಿಕರ ಬರಲಿಲ್ಲವೆಂದಲ್ಲ. ಅವನು ಅಂದು ನರ್ಸಿನ ಕಾಲು ಹಿಡಿದದ್ದು ಕೂಸಿಗಾಗಿ ಅಲ್ಲ, ಹೆಂಡತಿಯನ್ನು ಉಳಿಸಿಕೊಳ್ಳಲು ಎಂಬುದು ಅವಳಿಗೆ ಅರ್ಥವಾಗಿತ್ತು. ಅರ್ಥವಾದದ್ದರಿಂದ ನೋವು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಸಿಟ್ಟು ಮಾಡುವುದಕ್ಕೂ ಪೂರ್ತಿ ಹಕ್ಕು ಉಳಿಸದಂತೆ ಮೋಸ ಮಾಡಿದ್ದ.

ಎರಡು ವಾರ ಅವಳು ದೇವಾಲಯಕ್ಕೆ ಹೋಗಲಿಲ್ಲ. ಮೂರನೆಯ ಭಾನುವಾರ ಹೋದಳು, ಏಕೆಂದರೆ ಕ್ಲಾಸು ತೆಗೆದುಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಅಂದಿನ ಪಾಠ ಆ ಸೆರೆಮನೆಯ ಕಥೆಯೇ. ಹದಿನಾಲ್ಕು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಭೂಕಂಪವಾಯಿತು, ಬಾಗಿಲು ತೆರೆದವು, ಗಾಯ ತೊಳೆದದ್ದೂ ಆಯಿತು. ಅವಳು ಅಲ್ಲಿಗೇ ನಿಲ್ಲಿಸಿದಳು. ಸಾನ್ವಿಯೆಂಬ ಒಂಬತ್ತು ವರ್ಷದ ಹುಡುಗಿ, ಈ ಕಥೆಯನ್ನು ಹೋದ ವರ್ಷವೂ ಕೇಳಿದ್ದವಳು, ಕೈಯೆತ್ತಿದಳು.

"ಟೀಚರ್, ತೊಟ್ಟಿಲ ಕೂಸು?"

ದಯಾವತಿ ಬೈಬಲಿನ ಪುಟದ ಮೇಲೆ ಬೆರಳಿಟ್ಟಳು. "ಇಲ್ಲೆ ಕೂಸು ಬರದಿಲ್ಲವ್ವ. ನಾನs ಕೂಡಿಸಿ ಹೇಳತಿದ್ದೆ. ತಪ್ಪು ನಂದು. ಮನೆಮಂದಿ ಅಂತಷ್ಟೇ ಬರದೈತಿ. ಕೂಸು ಇದ್ದಿರಬೇಕು ಅಂತ ನಮ್ಮ ಸಭೆ ಅಂತೈತಿ. ಇರಲಿಲ್ಲ ಅಂತ ಬ್ಯಾರೆ ಸಭೆಯವರು ಅಂತಾರ. ಕೂಸಿಗೆ ನೀರು ಬೇಕs ಬೇಕು ಅಂತ ಕಥೋಲಿಕರು ಬ್ಯಾರೆ ವಚನ ತೋರಸ್ತಾರ. ಬರದದ್ದು ಇಷ್ಟು. ಉಳಿದದ್ದು ಮಂದಿ ಹೇಳೂದು."

ಮಕ್ಕಳು ಮನೆಗೆ ಹೋಗಿ ಇದನ್ನು ಹೇಳದೆ ಇರುತ್ತಾರೆಯೇ? ಬುಧವಾರಕ್ಕೆಲ್ಲ ಓಣಿಯಲ್ಲಿ ಮಾತಾಯಿತು: ಗಂಡನನ್ನು ತಾರಿಹಾಳದವರು ಮುಳುಗಿಸಿದ್ದಾಯಿತು, ಈಗ ಹೆಂಡತಿ ನಮ್ಮ ಮಕ್ಕಳ ತಲೆಯಲ್ಲಿ ಅದನ್ನೇ ತುಂಬುತ್ತಿದ್ದಾಳೆ. ಸಭಾ ಕಮಿಟಿಯವರು ಅವಳನ್ನು ಕರೆಸಿದರು. ಐದು ಜನ ಹಿರಿಯರು, ಮಧ್ಯದಲ್ಲಿ ಅಯ್ಯನವರು. ಐವರಲ್ಲಿ ಮೂವರ ಮಕ್ಕಳು ಅವಳ ಕೈಯ ಅಂಗಿ ತೊಟ್ಟವರು.

"ಕೂಸುಗಳ ದೀಕ್ಷಾಸ್ನಾನ ಬೈಬಲಿನ್ಯಾಗ ಇಲ್ಲ ಅಂತ ಹೇಳಿದ್ರ್ಯಂತ, ಖರೇ ಏನ್ರಿ?" ಎಂದರು ಒಬ್ಬರು.

"ಹಂಗ ಹೇಳಿಲ್ರಿ. ಆ ಕಥ್ಯಾಗ ಕೂಸಿನ ಹೆಸರು ಇಲ್ಲ ಅಂದೆ. ಅಯ್ಯನವರೂ ನನಗ ಅದನ್ನs ಹೇಳಿದ್ರು. ಅವರನ್ನ ಕೇಳ್ರಿ."

ಎಲ್ಲರೂ ಅಯ್ಯನವರ ಕಡೆ ತಿರುಗಿದರು. ಅವರು ಮೇಜಿನ ಮೇಲಿದ್ದ ಪೆನ್ನಿನ ಟೊಪ್ಪಿಗೆ ತೆಗೆದು, ಮತ್ತೆ ಹಾಕಿದರು. "ಟೀಚರಿಗೆ ಮನ್ಯಾಗ ಭಾಳ ತ್ರಾಸ ಆಗೇತಿ" ಎಂದರು. "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಲಿ. ಮಕ್ಕಳನ್ನ ಬ್ಯಾರೆಯವರು ನೋಡಿಕೊಳ್ತಾರ."

ಅವರು ಹೇಳಿದ್ದು ಅಷ್ಟೇ. ತಾವು ಅವಳಿಗೆ ಹೇಳಿದ್ದನ್ನು ಅವರು ಸುಳ್ಳೆನ್ನಲಿಲ್ಲ, ನಿಜವೆಂದೂ ಹೇಳಲಿಲ್ಲ. ಇಪ್ಪತ್ತೆಂಟು ವರ್ಷದ ಹಾಜರಿ ಪುಸ್ತಕವನ್ನೂ ಕಪಾಟಿನ ಕೀಲಿಕೈಯನ್ನೂ ಅವಳು ಮೇಜಿನ ಮೇಲಿಟ್ಟು ಬಂದಳು. ಬಾಗಿಲಿನ ತನಕ ಯಾರೂ ಎದ್ದು ಬರಲಿಲ್ಲ.

ಸುದ್ದಿ ಕೇಳಿದ ಸೀಲಾಸನ ಮುಖ ಅರಳಿತು. ತಡೆಯಲು ನೋಡಿದರೂ ಅರಳಿತು. "ಇನ್ನರ ನನ್ನ ಜೋಡಿ ಬಾ ದಯಾ. ಆಶಿಷ್ ಎಷ್ಟು ಸಲ ಕೇಳ್ಯಾನ. ಆ ವಿಡಿಯೋನೂ ತಗಸ್ಯಾನ. ನೀ ಹೇಳಿದ್ದು ನಮ್ಮ ಸಭ್ಯಾಗ ಹೇಳೂ ಮಾತs."

"ಆ ಕಥ್ಯಾಗ ಕೂಸು ಬರದಿಲ್ಲ ಅಂತ ನಾ ಅಂದೆ," ಎಂದಳು ದಯಾವತಿ. "ನೀವು ಮಾಡಿದ್ದು ಬರದೈತಿ ಅಂತ ಎಲ್ಲೂ ಅಂದಿಲ್ಲ."

ಈಗ ಐದಾರು ತಿಂಗಳಾಗಿವೆ. ದಯಾವತಿ ಭಾನುವಾರ ಮಿಷನ್ ದೇವಾಲಯಕ್ಕೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಾದಕ್ಕೆ ಮೊದಲೇ ಎದ್ದು ಬರುತ್ತಾಳೆ. ಅಂಗಿ ಹೇಳಲು ಬಂದವರಿಗೆ ಈಗಲೂ ಹೊಲಿದುಕೊಡುತ್ತಾಳೆ, ಯಾವ ಸಭೆಯವರಾದರೂ ಸರಿ. ಡಿಸೆಂಬರಿನಲ್ಲಿ ಅಪೊಲಿನ್‌ಗೆ ಜಂಪರು ಹೋಗಲಿಲ್ಲ. ಒಮ್ಮೆ ದಫ್ತರದಲ್ಲಿ ಕೃಪಾಕರನ ಸಾಲು ಇರಲೋ ಬೇಡವೋ ಎಂದು ಯೋಚಿಸಿ ಕಾಂಪೌಂಡಿನ ಗೇಟಿನವರೆಗೆ ಹೋದಳು. ಹೊಡೆದುಹಾಕಿಸಲು ಮನಸ್ಸಾಗಲಿಲ್ಲ. ಹಾಗೇ ತಿರುಗಿ ಬಂದಳು. ಸೀಲಾಸನೊಂದಿಗೆ ಜಗಳವಿಲ್ಲ. ಅನ್ನ, ನೀರು, ಬಿ.ಪಿ. ಗುಳಿಗೆ, ಲೈಟ್ ಬಿಲ್ಲು, ಎಲ್ಲದಕ್ಕೂ ಮಾತಿದೆ.

ಮದುವೆಯಾದಾಗಿನಿಂದ ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಸೀಲಾಸ ಬೈಬಲಿನ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವುದು, ಅವಳು ಸೂಜಿ ಕೆಲಸ ಮಾಡುತ್ತ ಕೇಳುವುದು. ಜೂನಿನಿಂದ ಅದು ನಿಂತುಹೋಗಿತ್ತು. ಹೋದ ವಾರ ಒಂದು ಸಂಜೆ ಸೀಲಾಸ ಚಷ್ಮಾ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಹಿಂದೆ ಬಿಟ್ಟ ಕಡೆಯಿಂದಲೇ ಮೆಲ್ಲಗೆ ಓದತೊಡಗಿದ. ಎರಡು ಸಾಲು ಆಗಿತ್ತೋ ಇಲ್ಲವೋ.

ದಯಾವತಿ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ನಿಮ್ಮಷ್ಟಕ್ಕ ಓದ್ಕೋರಿ" ಎಂದಳು. "ನನಗ ಬೇಕಾದಾಗ ನಾ ಓದ್ತೇನಿ."

ಸೀಲಾಸ ತುಟಿ ಮುಚ್ಚಿಕೊಂಡು ಮುಂದಿನ ಸಾಲಿಗೆ ಬೆರಳು ಸರಿಸಿದ.